ಐರಿಸ್: ಚಿತ್ರದಲ್ಲಿ ಕಾಣದ ಲೇಖಕಿ

'ಐರಿಸ್' 2001ರಲ್ಲಿ ತೆರೆಕಂಡ ಬ್ರಿಟಿಷ್ ಚಿತ್ರ. ಕಾದಂಬರಿಗಾರ್ತಿಯೂ ತತ್ವಶಾಸ್ತ್ರಜ್ಞೆಯೂ ಆಗಿದ್ದ ಐರಿಸ್ ಮರ್ಡಾಕ್ ಆಲ್ಝೈಮರ್ಸ್ ಕಾಯಿಲೆಗೆ ಸಿಲುಕಿ ಬರವಣಿಗೆ, ನೆನಪು, ಮಾತು ಎಲ್ಲವನ್ನೂ ಕಳೆದುಕೊಂಡದ್ದು ಅದರ ಕಥಾವಸ್ತು. ನಿರ್ದೇಶಕ ರಿಚರ್ಡ್ ಐರ್. ಚಿತ್ರಕಥೆ ಬರೆದವರು ಅವರು ಮತ್ತು ಚಾರ್ಲ್ಸ್ ವುಡ್. ಮುದಿ ಐರಿಸ್ ಆಗಿ ಜೂಡಿ ಡೆಂಚ್, ಯುವತಿ ಐರಿಸ್ ಆಗಿ ಕೇಟ್ ವಿನ್ಸ್‌ಲೆಟ್, ಪತಿ ಜಾನ್ ಬೇಲಿಯ ಎರಡು ವಯಸ್ಸುಗಳಲ್ಲಿ ಜಿಮ್ ಬ್ರಾಡ್‌ಬೆಂಟ್ ಮತ್ತು ಹ್ಯೂ ಬಾನ್‌ವಿಲ್ ನಟಿಸಿದ್ದಾರೆ. ಇಬ್ಬರು ನಟಿಯರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಬ್ರಾಡ್‌ಬೆಂಟ್ ಪೋಷಕ ನಟನೆಗಾಗಿ ಆಸ್ಕರ್ ಪಡೆದರು, ಡೆಂಚ್‌ಗೆ ಬಾಫ್ಟಾ ಬಂತು. ಅಂದಿನಿಂದ ಈ ಚಿತ್ರದ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ನೆಲೆಯೂರಿದೆ: ಮರೆವಿನ ಕಾಯಿಲೆಯನ್ನು ಇಷ್ಟು ಪ್ರಾಮಾಣಿಕವಾಗಿ, ಇಷ್ಟು ಕರುಣೆಯಿಂದ ತೋರಿಸಿದ ಚಿತ್ರಗಳು ವಿರಳ, ಇದು ಒಬ್ಬ ಮಹಾನ್ ಲೇಖಕಿಗೆ ಸಂದ ಗೌರವ, ನೋಡಿದವರ ಕಣ್ಣು ಒದ್ದೆಯಾಗದೆ ಇರದು.

ಕೊನೆಯ ಮಾತು ನಿಜ. ಚಿತ್ರ ಅಳಿಸುತ್ತದೆ, ಚೆನ್ನಾಗಿಯೇ ಅಳಿಸುತ್ತದೆ. ಆದರೆ ಅಳಿಸಿತು ಎಂಬುದರಿಂದ ಸತ್ಯ ಹೇಳಿತು ಎಂದಾಗಲಿ, ಲೇಖಕಿಯನ್ನು ಗೌರವಿಸಿತು ಎಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಚಿತ್ರವನ್ನು ಹತ್ತಿರದಿಂದ ನೋಡಿದರೆ ಕಾಣುವುದೇ ಬೇರೆ. ಅಲ್ಲಿ ಕಾಯಿಲೆಗಿಂತ ಮುಂಚೆಯೇ ಲೇಖಕಿಯನ್ನು ತೆಗೆದುಹಾಕಲಾಗಿದೆ. ಉಳಿದಿರುವುದು ಒಬ್ಬ ಗಂಡನ ದುಃಖ. ಆ ದುಃಖ ನಿಜವಾದದ್ದು, ಮರ್ಯಾದೆಗೆ ಅರ್ಹವಾದದ್ದು. ಅದಕ್ಕೆ ಐರಿಸ್ ಮರ್ಡಾಕ್ ಅವರ ಹೆಸರನ್ನು ಇಟ್ಟದ್ದು ಮಾತ್ರ ತಪ್ಪು.

ಕಳೆದುಹೋದದ್ದರ ಅಳತೆ ಸಿಗಬೇಕಾದರೆ ಇದ್ದದ್ದು ಏನೆಂದು ಗೊತ್ತಿರಬೇಕು. ಮರ್ಡಾಕ್ 1919ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿದರು. ಯುದ್ಧಕಾಲದಲ್ಲಿ ಬ್ರಿಟಿಷ್ ಖಜಾನೆ ಇಲಾಖೆಯಲ್ಲಿ ದುಡಿದರು. ಯುದ್ಧ ಮುಗಿಯುವ ಹೊತ್ತಿಗೆ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಗೆ ಸೇರಿ ಬೆಲ್ಜಿಯಂ ಮತ್ತು ಆಸ್ಟ್ರಿಯಾಗಳಲ್ಲಿ ಮನೆಮಠ ಕಳೆದುಕೊಂಡ ನಿರಾಶ್ರಿತರ ನಡುವೆ ಕೆಲಸ ಮಾಡಿದರು. 1948ರಿಂದ 1963ರವರೆಗೆ ಸೇಂಟ್ ಆನ್ಸ್ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. 1953ರಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಕುರಿತ ಪುಸ್ತಕ ಬಂತು, 1954ರಲ್ಲಿ ಮೊದಲ ಕಾದಂಬರಿ 'ಅಂಡರ್ ದ ನೆಟ್'. ಆಮೇಲೆ ನಾಲ್ಕು ದಶಕಗಳ ಕಾಲ ಪುಸ್ತಕದ ಮೇಲೆ ಪುಸ್ತಕ. ಒಟ್ಟು 26 ಕಾದಂಬರಿಗಳು. 1978ರ 'ದ ಸೀ, ದ ಸೀ'ಗೆ ಬುಕರ್ ಪ್ರಶಸ್ತಿ ಬಂತು. 1970ರ 'ದ ಸಾವರಿನ್ಟಿ ಆಫ್ ಗುಡ್' ಪುಟ್ಟ ಪುಸ್ತಕವಾದರೂ ಇಪ್ಪತ್ತನೆಯ ಶತಮಾನದ ನೀತಿಶಾಸ್ತ್ರವನ್ನು ಓದುವವರು ಇಂದಿಗೂ ಬದಿಗಿಡಲಾಗದ ಪುಸ್ತಕ. 1992ರಲ್ಲಿ ಬಂದ 'ಮೆಟಾಫಿಸಿಕ್ಸ್ ಆ್ಯಸ್ ಎ ಗೈಡ್ ಟು ಮಾರಲ್ಸ್' ಹೊತ್ತಿಗೆ ಆಕೆಗೆ ಎಪ್ಪತ್ತು ದಾಟಿತ್ತು.

ಚಿತ್ರದ ಕಾಲವಿನ್ಯಾಸವನ್ನು ಈ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. ಕಥೆ ಎರಡೇ ಕಾಲಗಳ ನಡುವೆ ಓಡಾಡುತ್ತದೆ. ಒಂದು 1950ರ ದಶಕ: ಸೈಕಲ್ ತುಳಿಯುವ, ನದಿಯಲ್ಲಿ ಈಜುವ, ಹಲವು ಪ್ರೇಮಿಗಳಿರುವ, ಯಾರಿಗೂ ಕೈಗೆ ಸಿಗದ ಚೆಲುವೆ ಐರಿಸ್, ಆಕೆಯ ಹಿಂದೆ ತೊದಲುತ್ತ ಓಡುವ ಮುಗ್ಧ ಬೇಲಿ. ಇನ್ನೊಂದು 1990ರ ದಶಕ: ಪದಗಳು ತಪ್ಪಿಹೋಗುವ, ವೈದ್ಯರ ಪ್ರಶ್ನೆಗಳೆದುರು ಕಂಗಾಲಾಗುವ, ಮನೆಯಿಂದ ತಪ್ಪಿಸಿಕೊಂಡು ಹೋಗುವ ಮುದುಕಿ ಐರಿಸ್. ನಡುವಿನ ನಲವತ್ತು ವರ್ಷಗಳು ಚಿತ್ರದಲ್ಲಿ ಇಲ್ಲವೇ ಇಲ್ಲ. ಆಕೆ ಲೇಖಕಿಯಾಗಿದ್ದದ್ದು ಆ ನಲವತ್ತು ವರ್ಷಗಳಲ್ಲಿ. ಆಕೆಯ ಬಹುಪಾಲು ಕಾದಂಬರಿಗಳು ಚಿತ್ರ ಹಾರಿಹೋಗುವ ಕಂದಕದಲ್ಲಿವೆ. ಬುಕರ್ ಪಡೆದ ಕೃತಿ ಅಲ್ಲಿದೆ, ನೀತಿಶಾಸ್ತ್ರದ ಪುಸ್ತಕವೂ ಅಲ್ಲಿದೆ. ಕಾಲವನ್ನು ಹಿಂದುಮುಂದಾಗಿ ಹೆಣೆದ ಈ ಕುಶಲತೆಯನ್ನು ವಿಮರ್ಶಕರು ಮೆಚ್ಚಿದ್ದಾರೆ. ಆ ಹೆಣಿಗೆ ಮಾಡಿದ ಕೆಲಸ ಮಾತ್ರ ಸರಳ: ಯೌವನದ ಮೈಯನ್ನು ಮುಪ್ಪಿನ ಮೈಯ ಪಕ್ಕದಲ್ಲಿಟ್ಟು ನೋಡುಗರ ಗಂಟಲು ಕಟ್ಟಿಸುವುದು. ಹೀಗೆ ಮಾಡಲು ಲೇಖಕಿಯೇ ಬೇಕಿರಲಿಲ್ಲ. ಒಂದು ಕಾಲದಲ್ಲಿ ಚೆಲುವೆಯಾಗಿದ್ದ ಯಾವ ಹೆಂಗಸಾದರೂ ನಡೆಯುತ್ತಿತ್ತು.

ಆಕೆಯ ಚಿಂತನೆ ಚಿತ್ರದಲ್ಲಿ ಬರುವುದೇ ಇಲ್ಲ ಎನ್ನಲಾಗದು. ಸಭೆಯಲ್ಲಿ ಒಂದು ಭಾಷಣವಿದೆ, ಟಿವಿ ಸ್ಟುಡಿಯೊದ ಮಾತಿದೆ. ಒಳ್ಳೆಯತನ, ಪ್ರೀತಿ, ಸ್ವಾತಂತ್ರ್ಯ ಎಂಬ ದೊಡ್ಡ ಪದಗಳು ತೇಲಿ ಬರುತ್ತವೆ. ಅವು ಅಲಂಕಾರದ ಮಾತುಗಳಾಗಿ ಬಂದು ಹೋಗುತ್ತವೆಯೇ ಹೊರತು ಒಂದು ವಾದವಾಗಿ ಬೆಳೆಯುವುದಿಲ್ಲ. ಮರ್ಡಾಕ್ ಯಾರನ್ನು ವಿರೋಧಿಸುತ್ತಿದ್ದರು, ಏಕೆ ವಿರೋಧಿಸುತ್ತಿದ್ದರು ಎಂಬ ಸುಳಿವು ಚಿತ್ರ ನೋಡಿ ಹೊರಬಂದವರಿಗೆ ಸಿಗದು.

ಇದಕ್ಕೆ ಕಾರಣ ಚಿತ್ರದ ಮೂಲದಲ್ಲಿದೆ. ಅದು ಆಧರಿಸಿರುವುದು ಜಾನ್ ಬೇಲಿ ಬರೆದ ನೆನಪಿನ ಬರಹಗಳನ್ನು. ಬೇಲಿ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು, ಒಳ್ಳೆಯ ವಿಮರ್ಶಕರು. 1956ರಲ್ಲಿ ಮದುವೆಯಾದ ಹೆಂಡತಿಯನ್ನು ಕಾಯಿಲೆಯ ವರ್ಷಗಳಲ್ಲಿ ಬಹುಪಾಲು ತಾವೇ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಆದರೆ ಮೊದಲ ಪುಸ್ತಕ ಪ್ರಕಟವಾದದ್ದು 1998ರಲ್ಲಿ. ಆಗ ಮರ್ಡಾಕ್ ಬದುಕಿದ್ದರು. ಕಾಯಿಲೆ ಪತ್ತೆಯಾಗಿ ವರ್ಷ ಕಳೆದಿತ್ತು. ತಮ್ಮ ಬಗ್ಗೆ ಬರೆದದ್ದನ್ನು ಓದಿ ಒಪ್ಪುವ, ಬೇಡವೆನ್ನುವ, ತಿದ್ದುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಜೀವಮಾನವೆಲ್ಲ ಖಾಸಗಿ ಬದುಕನ್ನು ಖಾಸಗಿಯಾಗಿಯೇ ಇಟ್ಟುಕೊಂಡಿದ್ದ ವ್ಯಕ್ತಿಯ ಹಾಸಿಗೆ, ಸ್ನಾನ, ಬಟ್ಟೆ, ಹಳೆಯ ಸಂಬಂಧಗಳೆಲ್ಲ ಅಚ್ಚಾಗಿ ಮಾರಾಟವಾದವು. 1999ರ ಫೆಬ್ರವರಿ 8ರಂದು ಮರ್ಡಾಕ್ ಆಕ್ಸ್‌ಫರ್ಡಿನ ಆರೈಕೆಮನೆಯೊಂದರಲ್ಲಿ ತೀರಿಕೊಂಡರು. ಅದೇ ವರ್ಷ ಎರಡನೆಯ ಪುಸ್ತಕ ಬಂತು, ಎರಡು ವರ್ಷಗಳಲ್ಲಿ ಚಿತ್ರ. ಗಂಡನಿಗೆ ತನ್ನ ಅನುಭವವನ್ನು ಬರೆಯುವ ಹಕ್ಕಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಅದು ಗಂಡನ ಅನುಭವ ಎಂದು ಹೇಳಿ ಬರೆಯುವವರೆಗೆ ಅದರಲ್ಲಿ ದೋಷವೂ ಇಲ್ಲ. ಅದೇ ಬರಹ ಚಿತ್ರವಾಗುವಾಗ, ಹೇಳುವವನು ಯಾರೆಂಬುದು ಅಳಿಸಿಹೋಗುತ್ತದೆ. ಪುಸ್ತಕದಲ್ಲಿ ಪ್ರತಿ ವಾಕ್ಯಕ್ಕೂ ಬೇಲಿಯ ದನಿಯಿದೆ, ಅದರ ತುಂಟತನ, ಸ್ವಮರುಕ, ತಪ್ಪೊಪ್ಪಿಗೆ ಓದುಗನಿಗೆ ಕೇಳಿಸುತ್ತವೆ. ಕ್ಯಾಮೆರಾಗೆ ದನಿಯಿಲ್ಲ. ಅದು ತೋರಿಸಿದ್ದೆಲ್ಲ ನಡೆದದ್ದೇ ಎಂದು ನೋಡುಗ ನಂಬುತ್ತಾನೆ.

ಹೀಗಾಗಿ ಚಿತ್ರದ ಭಾವದ ಕೇಂದ್ರ ಎಲ್ಲಿಯೂ ಐರಿಸ್ ಅಲ್ಲ. ಒಂದು ರಾತ್ರಿ ಹಾಸಿಗೆಯಲ್ಲಿ ಬೇಲಿ ಸಿಡಿದೇಳುತ್ತಾನೆ. ಆಕೆಯ ಹಳೆಯ ಪ್ರೇಮಿಗಳನ್ನೆಲ್ಲ ಎತ್ತಿ ಆಡಿ, ಈಗ ಯಾರಿಗೂ ಬೇಡವಾದಾಗ ತನ್ನ ಪಾಲಿಗೆ ಬಂದಳೆಂದು ಕೂಗುತ್ತಾನೆ. ಚಿತ್ರದ ಅತ್ಯಂತ ಶಕ್ತಿಯುತ ದೃಶ್ಯ ಇದು. ಬ್ರಾಡ್‌ಬೆಂಟ್ ಅದರಲ್ಲಿ ಅದ್ಭುತವಾಗಿ ನಟಿಸಿದ್ದಾರೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಮಲಗಿರುವ ಹೆಂಗಸಿಗೆ ಏನಾಗುತ್ತಿದೆ ಎಂದು ಮಾತ್ರ ಚಿತ್ರ ಕೇಳುವುದಿಲ್ಲ. ಮಾತಿನ ಅರ್ಥ ತಪ್ಪಿದರೂ ಕೂಗಿನ ಕಾವು ತಲುಪಿರಬಹುದೇ? ಭಯವಾಯಿತೇ? ಡೆಂಚ್ ಅವರ ಕಣ್ಣುಗಳು ಅಲ್ಲಲ್ಲಿ ಆ ಪ್ರಶ್ನೆಗಳನ್ನು ಎತ್ತುತ್ತವೆ; ಅದು ನಟಿಯ ದೊಡ್ಡತನ, ಚಿತ್ರಕಥೆಯ ಕೊಡುಗೆಯಲ್ಲ. ಆಸ್ಕರ್ ಸಿಕ್ಕಿದ್ದು ಗಂಡನ ಪಾತ್ರಕ್ಕೆ. ಮತ ಹಾಕಿದವರು ಈ ಒಂದು ವಿಷಯದಲ್ಲಿ ಚಿತ್ರವನ್ನು ಸರಿಯಾಗಿಯೇ ಓದಿದ್ದರು ಎನ್ನಬೇಕು.

ಇಲ್ಲಿ ಇನ್ನೊಂದು ಮಾತು. ಗಂಡ ಹೆಂಡತಿಯನ್ನು ನೋಡಿಕೊಂಡದ್ದು ಚಿತ್ರವಾಗುತ್ತದೆ, ಪ್ರಶಸ್ತಿ ತರುತ್ತದೆ. ಡಿಮೆನ್ಷಿಯಾ ಇರುವವರಿಗೆ ಸಿಗುವ ಆರೈಕೆಯ ಗಂಟೆಗಳಲ್ಲಿ ಸುಮಾರು ಶೇಕಡಾ 70ರಷ್ಟು ಹೆಂಗಸರು ಕೊಡುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಡತಿ, ಮಗಳು, ಸೊಸೆ ವರ್ಷಗಟ್ಟಲೆ ಮಾಡುವ ಇದೇ ಕೆಲಸಕ್ಕೆ ಕರ್ತವ್ಯ ಎಂದು ಹೆಸರು. ಗಂಡಸು ಮಾಡಿದಾಗ ಅದು ಮಹಾಪ್ರೇಮ. 'ಐರಿಸ್' ಈ ಹಳೆಯ ತಾರತಮ್ಯವನ್ನು ಪ್ರಶ್ನಿಸದೆ ಅದರ ಲಾಭ ಪಡೆಯುತ್ತದೆ. ಸಾಲದ್ದಕ್ಕೆ, ಆರೈಕೆಯೆಂದರೆ ಪ್ರೀತಿಯೊಂದಿದ್ದರೆ ಸಾಕು, ದಾದಿಯರು, ತರಬೇತಿ, ಹಣ, ಬಿಡುವು ಇವೆಲ್ಲ ಕೊನೆಗಾಲದ ವಿಷಯ ಎಂಬ ಭಾವನೆಯನ್ನೂ ಬಿತ್ತುತ್ತದೆ.

ಕಾಯಿಲೆಯನ್ನು ಪ್ರಾಮಾಣಿಕವಾಗಿ ತೋರಿಸಿದೆ ಎಂಬ ಹೊಗಳಿಕೆಯೂ ಅರ್ಧಸತ್ಯ. ಲಕ್ಷಣಗಳ ಪಟ್ಟಿಯಾಗಿ ನೋಡಿದರೆ ತಪ್ಪಿಲ್ಲ: ಪದ ಹುಡುಕಾಟ, ಕೇಳಿದ್ದನ್ನೇ ಕೇಳುವುದು, ಹೊರಗೆ ಅಲೆಯುವುದು, ಬೆನ್ನು ಬಿಡದೆ ಹಿಂಬಾಲಿಸುವುದು. ಆದರೆ ದೃಶ್ಯಗಳನ್ನು ಜೋಡಿಸಿದ ರೀತಿ ಒಂದೇ ಪಾಠ ಹೇಳುತ್ತದೆ: ಬುದ್ಧಿಯಿದ್ದಾಗ ವ್ಯಕ್ತಿಯಿದ್ದಳು, ಬುದ್ಧಿ ಹೋದಾಗ ವ್ಯಕ್ತಿಯೂ ಹೋದಳು. ತತ್ವಶಾಸ್ತ್ರಜ್ಞೆ ಟಿವಿ ಮುಂದೆ ಕೂತು ಪುಟ್ಟ ಮಕ್ಕಳ 'ಟೆಲಿಟಬ್ಬೀಸ್' ನೋಡುವ ದೃಶ್ಯ ಈ ಪಾಠದ ತುದಿ. ಬೇಲಿಯ ಪುಸ್ತಕದಲ್ಲಿ ಅದು ಇಬ್ಬರೂ ಒಟ್ಟಿಗೆ ಕೂತು ಪಡುತ್ತಿದ್ದ ಒಂದು ಸಣ್ಣ ಸುಖ. ತೆರೆಯ ಮೇಲೆ ಅದೊಂದು ಅವನತಿಯ ಗುರುತು. ಮನೆಯ ಕೊಳಕು, ಪುಸ್ತಕ ಬಟ್ಟೆಗಳ ರಾಶಿ ಕೂಡ ಹಾಗೆಯೇ. ದಂಪತಿಗಳ ಮನೆ ಕಾಯಿಲೆಗೆ ದಶಕಗಳ ಮುಂಚಿನಿಂದಲೂ ಅಚ್ಚುಕಟ್ಟಿಲ್ಲದ್ದಕ್ಕೆ ಹೆಸರಾಗಿತ್ತು. ಅವರಿಗೆ ಅದರ ಗೊಡವೆಯೇ ಇರಲಿಲ್ಲ. ಚಿತ್ರ ನೋಡಿದವನು ಆ ಕಸವನ್ನೆಲ್ಲ ಆಲ್ಝೈಮರ್ಸ್ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಮರ್ಡಾಕ್ ಅವರ ಕಾಯಿಲೆ ಪತ್ತೆಯಾದ 1997ರಲ್ಲೇ ಇಂಗ್ಲೆಂಡಿನಲ್ಲಿ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ ಅವರ 'ಡಿಮೆನ್ಷಿಯಾ ರೀಕನ್ಸಿಡರ್ಡ್' ಪ್ರಕಟವಾಗಿತ್ತು. ಮಿದುಳು ಸವೆದಂತೆ ವ್ಯಕ್ತಿತ್ವ ತಾನಾಗಿ ಆರಿಹೋಗುವುದಿಲ್ಲ, ಸುತ್ತಲಿನವರು ನಡೆಸಿಕೊಳ್ಳುವ ರೀತಿ ಅದನ್ನು ಉಳಿಸಬಲ್ಲದು ಅಥವಾ ಬೇಗ ಕೊಲ್ಲಬಲ್ಲದು ಎಂಬುದು ಅವರ ವಾದ. ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲವೆಂಬಂತೆ ಅವರ ಬಗ್ಗೆ ಮಾತಾಡುವುದು, ಹಣೆಪಟ್ಟಿ ಹಚ್ಚುವುದು, ಅವರ ವೇಗ ಮೀರಿ ಅವಸರಿಸುವುದು ಇವನ್ನೆಲ್ಲ ಅವರು ಹಾನಿಕರ ನಡವಳಿಕೆಗಳಾಗಿ ಗುರುತಿಸಿದ್ದರು. 2001ರ ಚಿತ್ರಕ್ಕೆ ಈ ತಿಳಿವಳಿಕೆ ಹೊಸದಾಗಿರಬೇಕಿರಲಿಲ್ಲ. ವೈದ್ಯರು ಪ್ರಧಾನಿಯ ಹೆಸರು ಕೇಳಿ ಆಕೆ ತಡವರಿಸುವಾಗ ಚಿತ್ರ ಪರೀಕ್ಷಕನ ಕುರ್ಚಿಯಲ್ಲಿ ಕೂರುತ್ತದೆ, ಆಕೆಯ ಕುರ್ಚಿಯಲ್ಲಲ್ಲ.

ಚಿತ್ರ ಕೈಬಿಟ್ಟ ಅತಿ ದೊಡ್ಡ ಸಂಗತಿ ಆಕೆಯ ಕೊನೆಯ ಕಾದಂಬರಿಯ ಕಥೆ. 'ಜಾಕ್ಸನ್ಸ್ ಡಿಲೆಮ್ಮ' 1995ರಲ್ಲಿ ಹೊರಬಂದಾಗ ಕೆಲವು ವಿಮರ್ಶಕರು ಗೊಂದಲಗೊಂಡರು. ಸಡಿಲ ಕಟ್ಟು, ಸಣ್ಣಪುಟ್ಟ ತಪ್ಪುಗಳನ್ನು ಗಮನಿಸಿದರು. ಕಾಯಿಲೆಯ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಮರುವರ್ಷ ಪತ್ರಿಕಾ ಸಂದರ್ಶನವೊಂದರಲ್ಲಿ, ಬರೆಯಲು ಆಗುತ್ತಿಲ್ಲ, ಕತ್ತಲಲ್ಲಿ ಸಿಕ್ಕಂತಿದೆ ಎಂಬರ್ಥದ ಮಾತನ್ನು ಆಕೆಯೇ ಆಡಿದರು. ತೀರಿಕೊಂಡ ನಂತರದ ಮಿದುಳಿನ ಪರೀಕ್ಷೆ ಆಲ್ಝೈಮರ್ಸ್ ಎಂದು ದೃಢಪಡಿಸಿತು. ಪೀಟರ್ ಗ್ಯಾರಾರ್ಡ್ ಮತ್ತು ಸಹೋದ್ಯೋಗಿಗಳು 'ಬ್ರೇನ್' ನಿಯತಕಾಲಿಕದಲ್ಲಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಆಕೆಯ ಮೊದಲ ಕಾದಂಬರಿ, 'ದ ಸೀ, ದ ಸೀ' ಮತ್ತು ಕೊನೆಯ ಕಾದಂಬರಿಗಳನ್ನು ಹೋಲಿಸಿ ನೋಡಿತು. ಮರ್ಡಾಕ್ ಕೈಬರಹದಲ್ಲೇ ಬರೆಯುತ್ತಿದ್ದರು, ಸಂಪಾದಕರಿಗೆ ಹೆಚ್ಚು ಕೈಹಾಕಲು ಬಿಡುತ್ತಿರಲಿಲ್ಲ. ಆದ್ದರಿಂದ ಅಚ್ಚಾದ ಪುಟದ ಪದಗಳು ಬಹುಮಟ್ಟಿಗೆ ಆಕೆಯವೇ. ಕೊನೆಯ ಕೃತಿಯಲ್ಲಿ ಪದಸಂಪತ್ತು ಕುಗ್ಗಿತ್ತು, ಸಾಮಾನ್ಯ ಬಳಕೆಯ ಪದಗಳು ಹೆಚ್ಚಿದ್ದವು. ವಾಕ್ಯರಚನೆ ಮಾತ್ರ ಬಹಳಷ್ಟು ಹಾಗೆಯೇ ಉಳಿದಿತ್ತು.

ಈ ಫಲಿತಾಂಶ ಚಿತ್ರ ಬಂದಮೇಲಿನದು, ಆದ್ದರಿಂದ ಅದನ್ನು ತೋರಿಸಲಿಲ್ಲವೆಂದು ದೂರುವುದು ನ್ಯಾಯವಲ್ಲ. ದೂರು ಬೇರೆಯದು. ಪದಗಳು ಒಂದೊಂದಾಗಿ ಕೈಬಿಡುತ್ತಿದ್ದಾಗ, ಏನಾಗುತ್ತಿದೆಯೆಂದು ತಿಳಿಯದೆ, ಉಳಿದ ಪದಗಳಿಂದಲೇ ಒಂದು ಇಡೀ ಕಾದಂಬರಿಯನ್ನು ಬರೆದು ಮುಗಿಸಿದ ಲೇಖಕಿ ಅಲ್ಲಿದ್ದಳು. ಬರೆಯುವ ಕೈಗೂ ಮರೆಯುವ ಮಿದುಳಿಗೂ ನಡೆದ ಆ ಜಗ್ಗಾಟ ಲೇಖಕಿಯೊಬ್ಬಳ ಕಾಯಿಲೆಯಲ್ಲಿ ಮಾತ್ರ ಕಾಣಸಿಗುವ ಸಂಗತಿ. 'ಜಾಕ್ಸನ್ಸ್ ಡಿಲೆಮ್ಮ' ಮತ್ತು 1996ರ ಸಂದರ್ಶನ ಎರಡೂ ಚಿತ್ರ ಮಾಡಿದವರ ಕೈಗೆ ಎಟುಕುವಂತಿದ್ದವು. ಚಿತ್ರದಲ್ಲಿ ಆ ಕಾದಂಬರಿ ಕೆಲವು ಕ್ಷಣಗಳಿಗೆ ಬಂದು, ಆಕೆಗೆ ಅದರ ಗುರುತೇ ಇಲ್ಲವೆಂದು ತೋರಿಸಲು ಬಳಕೆಯಾಗಿ ಮರೆಯಾಗುತ್ತದೆ.

ಬರೆಯುವುದನ್ನು ತೆರೆಯ ಮೇಲೆ ತೋರಿಸಲಾಗದು, ಮೇಜಿನ ಮುಂದೆ ಕೂತವಳನ್ನು ಎಷ್ಟು ಹೊತ್ತು ತೋರಿಸುವುದು ಎಂಬುದು ಚಿತ್ರವನ್ನು ಸಮರ್ಥಿಸುವವರ ಮುಖ್ಯ ಉತ್ತರ. ಚಿಲಿಯ ಮೈತೆ ಅಲ್ಬೆರ್ದಿ ನಿರ್ದೇಶಿಸಿದ 2023ರ ಸಾಕ್ಷ್ಯಚಿತ್ರ 'ದ ಇಟರ್ನಲ್ ಮೆಮರಿ' ಈ ಉತ್ತರವನ್ನು ಒಪ್ಪಲು ಬಿಡುವುದಿಲ್ಲ. ಅದರ ನಾಯಕ ಆಗುಸ್ತೊ ಗೊಂಗೊರಾ ಪತ್ರಕರ್ತ. ಪಿನೊಶೆ ಸರ್ವಾಧಿಕಾರದ ದಿನಗಳಲ್ಲಿ ಗುಟ್ಟಾಗಿ ಹಂಚಲಾಗುತ್ತಿದ್ದ ಸುದ್ದಿಚಿತ್ರಗಳಿಗೆ ಕೆಲಸ ಮಾಡಿದವರು, ದೇಶ ಮರೆಯಬಾರದ್ದನ್ನು ದಾಖಲಿಸಿದವರು. 2014ರಲ್ಲಿ ಆಲ್ಝೈಮರ್ಸ್ ಪತ್ತೆಯಾಯಿತು. ಚಿತ್ರೀಕರಣಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದರು. ಅಲ್ಲೂ ಹೆಂಡತಿಯಿದ್ದಾರೆ, ನಟಿಯೂ ಸಂಸ್ಕೃತಿ ಸಚಿವೆಯೂ ಆಗಿದ್ದ ಪಾವ್ಲಿನಾ ಉರ್ರುತಿಯಾ. ಕೋವಿಡ್ ಕಾಲದಲ್ಲಿ ಕ್ಯಾಮೆರಾ ಹಿಡಿದವರೂ ಅವರೇ. ಅಲ್ಲೂ ಕಂಗಾಲಾದ ರಾತ್ರಿಗಳಿವೆ, ನೋಡುಗರು ಅಲ್ಲೂ ಅಳುತ್ತಾರೆ. ಆದರೆ ಗೊಂಗೊರಾ ಅವರ ದುಡಿಮೆಯ ವರ್ಷಗಳ ದೃಶ್ಯಗಳು ಚಿತ್ರದ ಉದ್ದಕ್ಕೂ ಹರಿದು ಬರುತ್ತವೆ. ಏನನ್ನು ಕಾಪಾಡಲು ದುಡಿದ ಮನುಷ್ಯ ಏನನ್ನು ಕಳೆದುಕೊಳ್ಳುತ್ತಿದ್ದಾನೆ ಎಂಬುದು ನೋಡುಗರಿಗೆ ತಿಳಿಯುತ್ತದೆ.

ಬ್ರಿಟನ್ನಿನಲ್ಲೇ ಕಾದಂಬರಿಕಾರ ಟೆರಿ ಪ್ರಾಟ್ಚೆಟ್ ಅವರ ಉದಾಹರಣೆಯಿದೆ. 2007ರಲ್ಲಿ ಅಪರೂಪದ ಬಗೆಯ ಆಲ್ಝೈಮರ್ಸ್ ಪತ್ತೆಯಾದಾಗ ಅವರೇ ಅದನ್ನು ಲೋಕಕ್ಕೆ ಸಾರಿದರು. 2009ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ಕಾಯಿಲೆಯ ಬಗ್ಗೆ ತಾವೇ ಮಾತಾಡಿದರು. ಟೈಪ್ ಮಾಡುವುದು ಕಷ್ಟವಾದಾಗ ಬಾಯಲ್ಲಿ ಹೇಳಿ ಬರೆಸಿ, 2015ರಲ್ಲಿ ತೀರಿಕೊಳ್ಳುವವರೆಗೂ ಕಾದಂಬರಿಗಳನ್ನು ಹೊರತಂದರು. ಅವರ ಕಾಯಿಲೆ ಮೊದಲು ಕೆಡಿಸಿದ್ದು ದೃಷ್ಟಿಯ ಗ್ರಹಿಕೆಯನ್ನು. ಭಾಷೆ ಹೆಚ್ಚು ಕಾಲ ಉಳಿಯಿತು. ಮರ್ಡಾಕ್ ಅವರಿಗೆ ಆ ಅದೃಷ್ಟವಿರಲಿಲ್ಲ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಕಾಯಿಲೆ ಬಂದ ಲೇಖಕನ ಪರವಾಗಿ ಬೇರೆಯವರೇ ಮಾತಾಡಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೆ ಇದು ಸಾಕು.

ಕಲ್ಪಿತ ಕಥೆಗೆ ಈ ಹೊಣೆ ಇಷ್ಟಿಲ್ಲ. ಹೇಮಂತ್ ರಾವ್ ನಿರ್ದೇಶಿಸಿದ 2016ರ ಕನ್ನಡ ಚಿತ್ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಕೂಡ ಆಲ್ಝೈಮರ್ಸ್ ಇರುವ ತಂದೆಗಿಂತ ಹುಡುಕಾಡುವ ಮಗನ ಕಥೆಯೇ ಎನ್ನಬಹುದು. ಆದರೆ ಅನಂತ್ ನಾಗ್ ಅವರ ವೆಂಕೋಬ್ ರಾವ್ ಕಲ್ಪನೆಯ ವ್ಯಕ್ತಿ. ಅವನ ಹೆಸರಲ್ಲಿ ಯಾರ ಕೃತಿಗಳೂ ಗ್ರಂಥಾಲಯದಲ್ಲಿಲ್ಲ, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ನಿಜವಾದ ಹೆಸರನ್ನು ಶೀರ್ಷಿಕೆಯಾಗಿ ಇಟ್ಟುಕೊಂಡ ಚಿತ್ರಕ್ಕೆ ಆ ರಿಯಾಯಿತಿ ಸಲ್ಲುವುದಿಲ್ಲ.

ಚಿತ್ರವನ್ನು ಅಳೆಯಲು ಹೊರಗಿನ ಕೋಲು ಬೇಕಾಗಿಯೂ ಇಲ್ಲ, ಮರ್ಡಾಕ್ ಅವರದೇ ಇದೆ. 'ದ ಸಾವರಿನ್ಟಿ ಆಫ್ ಗುಡ್'ನಲ್ಲಿ ಒಂದು ಪ್ರಸಿದ್ಧ ಉದಾಹರಣೆ ಬರುತ್ತದೆ. ಒಬ್ಬ ಅತ್ತೆಗೆ ಸೊಸೆಯನ್ನು ಕಂಡರೆ ಅಷ್ಟಕ್ಕಷ್ಟೇ: ಹುಡುಗಿ ಒಳ್ಳೆಯವಳೇ, ಆದರೆ ನಯನಾಜೂಕಿಲ್ಲ, ಮಾತು ಒರಟು, ತನ್ನ ಮಗನಿಗೆ ತಕ್ಕವಳಲ್ಲ. ಹೊರಗೆ ಮಾತ್ರ ಅತ್ತೆಯ ನಡವಳಿಕೆ ಸೊಗಸಾಗಿದೆ, ಮನಸ್ಸಿನಲ್ಲಿರುವುದು ಸೊಸೆಗೆ ತಿಳಿಯದು. ಒಂದು ದಿನ ಅತ್ತೆ ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾಳೆ: ಇದು ತನ್ನ ಹೊಟ್ಟೆಕಿಚ್ಚೇ, ಹಳೆಯ ಕಾಲದ ಬಿಂಕವೇ? ಮತ್ತೊಮ್ಮೆ ನೋಡುತ್ತಾಳೆ. ಒರಟುತನವೆಂದುಕೊಂಡದ್ದು ಸರಳತೆಯಾಗಿ ಕಾಣತೊಡಗುತ್ತದೆ. ಹೊರಗೆ ಏನೂ ಬದಲಾಗದಿದ್ದರೂ ನೀತಿಯ ಲೋಕದಲ್ಲಿ ಬಹು ದೊಡ್ಡ ಘಟನೆಯೊಂದು ಜರುಗಿದೆ ಎಂಬುದು ಮರ್ಡಾಕ್ ಅವರ ವಾದ. ಹೀಗೆ ಗಮನವಿಟ್ಟು ನೋಡುವ, ಫ್ರೆಂಚ್ ಚಿಂತಕಿ ಸಿಮೋನ್ ವೇಲ್ ಅವರಿಂದ ಪಡೆದ ಕಲ್ಪನೆ ಮರ್ಡಾಕ್ ಅವರ ನೀತಿಚಿಂತನೆಯ ನಡುಗಂಬ. ಎದುರಿಗಿರುವ ವ್ಯಕ್ತಿ ನಮಗಿಂತ ಬೇರೆ, ನಮ್ಮ ಆಸೆ ಭಯಗಳಿಗೆ ಒಗ್ಗದೆ ನಿಜವಾಗಿ ಇರುವಂಥವನು ಎಂದು ಕಾಣುವುದೇ ಪ್ರೀತಿ. ನಮಗೆ ಸಮಾಧಾನ ಕೊಡುವ ಚಿತ್ರವನ್ನು ಅವನ ಮೇಲೆ ಹೊದಿಸುವುದು ಅಹಂಕಾರದ ಕೆಲಸ. ಸುಲಭದ ಸಾಂತ್ವನ ನೀಡುವ ಕಲೆಯನ್ನು ಅವರು ಜೀವನವಿಡೀ ಅನುಮಾನದಿಂದ ನೋಡಿದರು.

ಆ ಅತ್ತೆ ಮಾಡಿದ ಕೆಲಸವನ್ನು ಚಿತ್ರ ಮಾಡಲಿಲ್ಲ. ಅದು ಮತ್ತೊಮ್ಮೆ ನೋಡಲಿಲ್ಲ. ಕಾಯಿಲೆಯ ಹೆಂಗಸಿನಲ್ಲಿ ಕಳೆದುಹೋದ ಚೆಲುವೆಯನ್ನು ಮಾತ್ರ ಕಂಡಿತು, ಮತ್ತು ಆ ನೋಟದಿಂದ ನಮಗೆ ಒಂದು ಹಿತವಾದ ಅಳುವನ್ನು ಕೊಟ್ಟಿತು. ಮರುಕ ಹುಟ್ಟಿದರೆ ಕಾಯಿಲೆಯ ಬಗ್ಗೆ ಜಾಗೃತಿ ಹುಟ್ಟಿತಲ್ಲವೇ ಎಂಬ ಕೊನೆಯ ಸಮರ್ಥನೆಯೂ ಇಲ್ಲಿ ನಿಲ್ಲದು. ಹುಟ್ಟಿದ್ದು ಕಾಯಿಲೆಯ ಭಯ. ಆ ಭಯ ರೋಗಿಯ ಹತ್ತಿರ ಕೂರಲು ಯಾರನ್ನೂ ಕರೆತರುವುದಿಲ್ಲ, ದೂರವೇ ಇಡುತ್ತದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಅವರ ಮನೆಗಳಲ್ಲಿ ಅರಳುಮರಳು ಎಂದು ಕೈಚೆಲ್ಲುವ ರೂಢಿ ಮೊದಲೇ ಇದೆ. ಬುದ್ಧಿ ಹೋದರೆ ಮನುಷ್ಯನೂ ಹೋದಂತೆ ಎಂದು ಹೇಳುವ ಚಿತ್ರ ಆ ರೂಢಿಗೆ ಇನ್ನಷ್ಟು ಬಲ ಕೊಡುತ್ತದೆ.

ಮರ್ಡಾಕ್ ಅವರನ್ನು ಲೇಖಕಿಯಾಗಿ ನೋಡುವ ವಿಷಯದಲ್ಲಿ ಕೆಲವು ವರ್ಷಗಳಿಂದ ಪರಿಸ್ಥಿತಿ ಸುಧಾರಿಸಿದೆ. 2015ರಲ್ಲಿ ಮರ್ಡಾಕ್ ಅವರ ಪತ್ರಗಳ ದೊಡ್ಡ ಸಂಪುಟ ಬಂತು. ಆಕ್ಸ್‌ಫರ್ಡಿನ ಗೆಳತಿಯರಾದ ಫಿಲಿಪಾ ಫುಟ್, ಮೇರಿ ಮಿಡ್ಜ್‌ಲಿ, ಎಲಿಜಬೆತ್ ಆನ್ಸ್‌ಕೂಂಬ್ ಅವರೊಂದಿಗೆ ಸೇರಿಸಿ ಆಕೆಯ ತತ್ವಚಿಂತನೆಯನ್ನು ಚರ್ಚಿಸುವ ಪುಸ್ತಕಗಳು ಬಂದಿವೆ. ಚಿತ್ರ ಬಿಟ್ಟ ನಲವತ್ತು ವರ್ಷಗಳಿಗೆ ವಿದ್ವಾಂಸರು ಮರಳಿ ಹೋಗುತ್ತಿದ್ದಾರೆ. ಐರಿಸ್ ಮರ್ಡಾಕ್ ಯಾರೆಂದು ತಿಳಿಯಬಯಸುವ ಓದುಗರು ಮೊದಲು 'ದ ಸೀ, ದ ಸೀ' ಓದಲಿ, ಸಾಧ್ಯವಾದರೆ 'ದ ಸಾವರಿನ್ಟಿ ಆಫ್ ಗುಡ್' ಕೂಡ. ಚಿತ್ರವನ್ನು ಆಮೇಲೆ ನೋಡಬಹುದು, ಜಾನ್ ಬೇಲಿಯ ಕಥೆಯೆಂದು ತಿಳಿದು.